ಬೆಳಗಿನ ಐದಕ್ಕೆ ಜಪಾನಿನ ಬಾಗಿಲು ತೆಗೆಯುವ ರೋಜಾ

ಸೊರಬದ ಪೇಟೆಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಟೈಲರ್ ಅಂಗಡಿ, ಅದರ ಮೇಲೊಂದು ಕೋಣೆ. ರೋಜಾ ಕಬ್ಬಿಣದ ಮೆಟ್ಟಿಲು ಹತ್ತಿ ಬೀಗ ತೆಗೆಯುತ್ತಾರೆ, ಚಪ್ಪಲಿ ಹೊರಗೆ ಬಿಡುತ್ತಾರೆ, ಮೊಬೈಲನ್ನು ಬಾಗಿಲ ಪಕ್ಕದ ಬಿದಿರು ಬುಟ್ಟಿಗೆ ಹಾಕುತ್ತಾರೆ. ಮೊಬೈಲ್ ಒಳಗೆ ಬರಕೂಡದು, ಅದು ಈ ಕೋಣೆಯ ಕಾನೂನು. ಕಾನೂನು ಮಾಡಿದವರು ಸಾವಿರಾರು ಮೈಲಿ ಆಚೆ ಇದ್ದಾರೆ, ಬುಟ್ಟಿ ಮಾತ್ರ ಸೊರಬದ ಸಂತೆಯದು.

ಲ್ಯಾಪ್‌ಟಾಪ್ ತೆರೆದು, ಎಲ್ಲರೂ ಸಿನಿಮಾ ಟಿಕೆಟ್ ಹುಡುಕುವ ಅದೇ ಬ್ರೌಸರಿನಲ್ಲಿ ಒಂದು ವಿಳಾಸ ಒತ್ತಿ, ಗುಪ್ತಪದ ಕೊಟ್ಟು ಕಾಯುತ್ತಾರೆ. ಪರದೆ ಒಮ್ಮೆ ಕಪ್ಪಾಗುತ್ತದೆ. ಆಮೇಲೆ ಅದರೊಳಗೆ ಇನ್ನೊಂದು ಕಂಪ್ಯೂಟರಿನ ಪರದೆ ಬಂದು ಕೂರುತ್ತದೆ. ಮೂಲೆಯಲ್ಲಿ ಗಡಿಯಾರ ಎಂಟೂವರೆ ಎನ್ನುತ್ತದೆ. ಸೊರಬದಲ್ಲಿ ಆಗ ಐದು.

"ಬಂತು ನೋಡ್ರಿ ಜಪಾನು," ಎನ್ನುತ್ತಾರೆ ರೋಜಾ, ಕೂದಲು ಗಂಟು ಹಾಕಿಕೊಳ್ಳುತ್ತ. "ಇನ್ನು ಆರೂವರೆ ತಂಕ ಮಾತಾಡ್ಸಬೇಡ್ರಿ. ಆಮೇಲೆ ಎಷ್ಟು ಬೇಕಾದ್ರೂ ಕೇಳ್ರಿ."

ಆರೂವರೆಗೆ ಏನಿದೆ? ಜಪಾನಿನ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ ಆಗ ಹತ್ತು ಗಂಟೆ. ಅಲ್ಲಿಯ ನರ್ಸುಗಳು ಕಾರು ಹತ್ತಿ ಮನೆಮನೆಗೆ ಹೊರಡುವ ಹೊತ್ತು. ಹಾಸಿಗೆ ಹಿಡಿದವರು, ಒಬ್ಬರೇ ಇರುವ ಮುದುಕರು, ಮರೆವಿನ ಕಾಯಿಲೆಯವರು, ಹೀಗೆ ಅವರು ನೋಡಿಕೊಳ್ಳುವ ಮನೆಗಳು ತುಂಬಾ. ನರ್ಸುಗಳಲ್ಲಿ ಹೆಚ್ಚಿನವರಿಗೇ ಅರವತ್ತು ದಾಟಿದೆ; ಟ್ಯಾಬ್ ಕೊಟ್ಟರೆ ಬೇಡವೆಂದು ಕೈಮುಗಿದವರು. ಯಾರು ಎಷ್ಟು ಉಂಡರು, ಜ್ವರ ಇದೆಯೇ, ರಾತ್ರಿ ನಿದ್ದೆ ಬಂತೇ ಎಂದು ಕಾಗದದ ಮೇಲೆ ಗೀಚುತ್ತಾರೆ. ಆ ಕಾಗದದ ಚಿತ್ರಗಳು ಸಂಜೆ ಕಂಪ್ಯೂಟರಿಗೆ ಸೇರುತ್ತವೆ. ಮರುದಿನ ನರ್ಸು ಹೊರಡುವ ಮೊದಲು ಅದೆಲ್ಲ ಅಚ್ಚುಕಟ್ಟಾದ ಅಕ್ಷರವಾಗಿ ಕಡತದಲ್ಲಿ ಕೂತಿರಬೇಕು. ಕೂರಿಸುವವರು ತೊಗರ್ಸಿ ಕಡೆಯ ಕುರಿಗಾಹಿ ಉಜ್ಜಪ್ಪನವರ ಮಗಳು ರೋಜಾ ಮತ್ತು ಅವರು ತಯಾರು ಮಾಡಿದ ನಾಲ್ಕು ಹೆಣ್ಣುಮಕ್ಕಳು.

ಕೇಳಲು ಸುಲಭ. ಪಕ್ಕದಲ್ಲಿ ಕೂತು ನೋಡಿದರೆ ತಲೆ ಗಿರ್ರೆನ್ನುತ್ತದೆ. ನಿಜವಾದ ಕಂಪ್ಯೂಟರ್ ಇರುವುದು ಅಲ್ಲಿ. ಸೊರಬದ ಲ್ಯಾಪ್‌ಟಾಪ್ ಬರೀ ಕಿಟಕಿ. ಇಲ್ಲಿಂದ ಒಂದು ಕಾಗದ ಒಳಗೆ ಹೋಗುವಂತಿಲ್ಲ, ಅಲ್ಲಿಂದ ಒಂದಕ್ಷರ ಹೊರಗೆ ಬರುವಂತಿಲ್ಲ. ರೋಗಿಗಳ ಗುಟ್ಟು ಕಾಯಬೇಕಲ್ಲ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸುವ ದಾರಿಯೂ ಬಂದ್. ಬೆರಳಿಂದ ಒತ್ತಿದ್ದಷ್ಟೇ ಹೋಗುತ್ತದೆ.

ಒತ್ತುವುದಾದರೂ ಯಾವ ಕೀಲಿ? ಜಪಾನಿನ ಕೀಬೋರ್ಡಿನಲ್ಲಿ ಇಂಗ್ಲಿಷಿನಿಂದ ಜಪಾನಿಗೆ ಹೊರಳಲು ಒಂದು ಕೀಲಿ ಇರುತ್ತದೆ. ನಮ್ಮ ಕೀಬೋರ್ಡಿನಲ್ಲಿ ಅದೇ ಇಲ್ಲ. ಎರಡು ಬೇರೆ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕಲಿಯುವವರಿಗೆ ಮರೆಯದಿರಲೆಂದು ರೋಜಾ ಆ ಎರಡರ ಮೇಲೂ ಹಣೆಗಿಡುವ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಾರೆ. ಒತ್ತಿದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಹೊಡೆದರೆ ಜಪಾನಿನ ಸುಲಭದ ಅಕ್ಷರ ಮೂಡುತ್ತದೆ. ಸ್ಪೇಸ್ ಒತ್ತಿದರೆ, ಅದೇ ಉಚ್ಚಾರದ ಗೀಟುಗೀಟಿನ ದೊಡ್ಡ ಅಕ್ಷರಗಳು ಸಾಲಾಗಿ ಬರುತ್ತವೆ. ಕಾಗದದ ಮೇಲಿರುವುದು ಯಾವುದೋ ಅದನ್ನು ಹುಡುಕಿ ಎಂಟರ್ ಒತ್ತಬೇಕು.

ಇದರಲ್ಲಿ ಒಂದೇ ಒಂದು ಫಜೀತಿ ಇದೆ. ಒತ್ತಿದ್ದು ಜಪಾನಿಗೆ ಹೋಗಿ, ಅಲ್ಲಿಂದ ಚಿತ್ರವಾಗಿ ತಿರುಗಿ ಬರಬೇಕು. ಲೈನು ಸರಿ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಇಲ್ಲದಿದ್ದರೆ ಪರದೆ ಸುಮ್ಮನೆ ನಮ್ಮ ಮುಖ ನೋಡುತ್ತಿರುತ್ತದೆ. ಅವಸರದವರು ಸ್ಪೇಸನ್ನು ಮತ್ತೆ ಮತ್ತೆ ಒತ್ತುತ್ತಾರೆ. ಒತ್ತಿದ್ದೆಲ್ಲ ಒಟ್ಟಿಗೆ ಹೋಗಿ ಬೇಕಾದ ಅಕ್ಷರ ದಾಟಿ ಇನ್ಯಾವುದೋ ಕೂತಿರುತ್ತದೆ. ಈ ಕೆಲಸ ತಂದುಕೊಟ್ಟ ಶಿಕಾರಿಪುರದ ತೀರ್ಥೇಶ್ ಒಮ್ಮೆ ತಾವೇ ಕೂತು ಕೈಪಂಪು ಹೊಡೆದ ಹಾಗೆ ಹೊಡೆದರಂತೆ. ರೋಜಾ ಅವರನ್ನು ಎಬ್ಬಿಸಿ ಚಹಾ ತರಲು ಕಳಿಸಿದರು.

"ಒತ್ತು, ನೋಡು, ಆಮೇಲೆ ಎಂಟರ್. ಅಷ್ಟೇ ನಾನು ಹೇಳಿಕೊಡೋದು," ಎನ್ನುತ್ತಾರೆ ರೋಜಾ. "ಕೈ ಜೋರಿದ್ದೋರು ಬ್ಯಾಡ, ಕಾಯೋರು ಬೇಕು ನನಗೆ."

ಕಾಯುವುದನ್ನು ಅವರು ಕಲಿತ ಬಗೆ ಬೇರೆ. ರೋಜಾ ಶಿವಮೊಗ್ಗದಲ್ಲಿ ನರ್ಸಿಂಗ್ ಓದಿದವರು. ಜಪಾನಿನಲ್ಲಿ ಮುದುಕರ ಆರೈಕೆಗೆ ಜನ ಬೇಕು, ಭಾಷೆ ಬಂದರೆ ಕರೆಸಿಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದನ್ನು ಕಟ್ಟಿಕೊಂಡು, ಮೊಬೈಲಿನಲ್ಲೇ ತರಗತಿಗೆ ಸೇರಿದರು. ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹೋದಾಗಲೂ ಕಿವಿಯಲ್ಲಿ ಅದೇ ಪಾಠ. ಪರೀಕ್ಷೆಯೂ ಪಾಸಾಯಿತು, ಸಂದರ್ಶನವೂ ಆಯಿತು, ಹೊರಡುವ ದಿನವೂ ಗೊತ್ತಾಯಿತು.

ಹೊರಡುವ ಮುಂಚೆ ಚಿಕ್ಕಮ್ಮನನ್ನು ಮಾತಾಡಿಸಿ ಬರೋಣವೆಂದು ಕ್ಯಾಸನೂರಿನ ಕಡೆ ಹೋದರು. ಚಳಿಗಾಲ ಕಳೆಯುತ್ತಿದ್ದ ಕಾಲ. ಕೊಟ್ಟಿಗೆಗೆ ಹಾಸಲು ದರಗು ಬೇಕೆಂದು ಚಿಕ್ಕಮ್ಮನ ಜೊತೆ ಕಾಡಿನ ಅಂಚಿಗೆ ಹೋಗಿ ಒಣಗಿದೆಲೆ ಗುಡಿಸಿ ತಂದರು. ಎಲೆಯೊಳಗಿದ್ದ ಉಣುಗು ಎಂಬ ಹುಳ ಕಚ್ಚಿದ್ದು ಗೊತ್ತೇ ಆಗಲಿಲ್ಲ. ವಾರದಲ್ಲಿ ಜ್ವರ, ಕಣ್ಣು ಕೆಂಪು, ಮೈಯೆಲ್ಲ ಕುಟ್ಟಿದ ಹಾಗೆ. ಮಂಗನ ಕಾಯಿಲೆ. ಆಸ್ಪತ್ರೆಯಿಂದ ಎದ್ದು ಬರುವಷ್ಟರಲ್ಲಿ ವಿಮಾನ ಹೋಗಿತ್ತು. ಆ ಜಾಗಕ್ಕೆ ಏಜೆನ್ಸಿಯವರು ಬೇರೆ ಹುಡುಗಿಯನ್ನು ಕಳಿಸಿದ್ದರು.

"ಯಾರ್ನೂ ಬೈಯಾಂಗಿಲ್ಲ. ಅವರೆಷ್ಟು ದಿನ ಕಾಯ್ತಾರೆ," ಎನ್ನುತ್ತಾರೆ ರೋಜಾ. "ಆದ್ರೆ ಬರೋ ಭಾಷೆನ ಏನ್ಮಾಡೋದ್ರಿ? ಮನ್ಯಾಗೆ ಕುರಿ ಜೊತೆ ಮಾತಾಡ್ಲಾ?"

ಎರಡು ವರ್ಷ ಆ ಭಾಷೆ ಅವರೊಳಗೆ ಸುಮ್ಮನೆ ಬಿದ್ದಿತ್ತು. ಒಂದು ದಿನ ಅಪ್ಪನ ಹೊಲದ ಪಹಣಿ ತೆಗೆಸಲು ಶಿಕಾರಿಪುರಕ್ಕೆ ಬಂದರು. ತೀರ್ಥೇಶರ ಕಂಪ್ಯೂಟರ್ ಸೆಂಟರಿನ ಮುಂದೆ ಉದ್ದ ಸಾಲು, ಒಳಗೆ ಜೆರಾಕ್ಸ್ ಯಂತ್ರ ಕೆಂಪು ದೀಪ ಹಚ್ಚಿಕೊಂಡು ಕೂತಿದೆ. ಅದು ಜಪಾನಿನಿಂದ ಬಂದ ಹಳೆಯ ಯಂತ್ರ; ಅದರ ಪುಟ್ಟ ಪರದೆಯ ಬರಹ ಶಿಕಾರಿಪುರದಲ್ಲಿ ಯಾರಿಗೂ ಓದಲು ಬಾರದು. ಕೆಟ್ಟಾಗಲೆಲ್ಲ ತೀರ್ಥೇಶ್ ಅದರ ತಲೆ ಮೇಲೆ ಎರಡು ಏಟು ಹಾಕುತ್ತಿದ್ದರು. ಸಾಲಿನಲ್ಲಿ ನಿಂತ ರೋಜಾ ಹೇಳಿದರು: "ಹೊಡೀಬೇಡ್ರಿ ಸಾರ್. ಹಿಂದಿನ ಬಾಗಿಲಾಗೆ ಕಾಗದ ಸಿಕ್ಕೊಂಡೈತೆ, ತೆಗೀರಿ ಅಂತ ಪಾಪ ಎಷ್ಟೊತ್ತಿಂದ ಬರ್ಕೊಂಡು ಕುಂತೈತೆ."

ತೀರ್ಥೇಶ್ ಬಾಗಿಲು ತೆಗೆದರು, ಕಾಗದ ಎಳೆದರು, ಯಂತ್ರ ಓಡಿತು. "ನಾನು ಇವರನ್ನೇ ನೋಡ್ದೆ, ಇವರು ಕುರಿ ಉಜ್ಜಪ್ಪನ ಮಗಳಲ್ಲೇನು ಅಂತ," ಎಂದು ಈಗಲೂ ಅಚ್ಚರಿಯಿಂದ ಹೇಳುತ್ತಾರೆ. ಆಮೇಲೆ ಅವರ ಪರಿಚಯದ ಒಂದು ಹೊರರಾಜ್ಯದ ಕಂಪನಿ, ಜಪಾನಿ ಕೈಬರಹ ಓದಿ ಟೈಪ್ ಮಾಡುವವರಿದ್ದಾರೆಯೇ ಎಂದು ಕೇಳಿದಾಗ, ಅವರು ಯೋಚನೆಯನ್ನೇ ಮಾಡದೆ ಹೂಂ ಅಂದುಬಿಟ್ಟರು. ಸೊರಬದಲ್ಲಾದರೆ ಕಲಿಯಲು ಹುಡುಗಿಯರೂ ಸಿಗುತ್ತಾರೆಂದು ಕೋಣೆಯನ್ನು ಅಲ್ಲೇ ಹಿಡಿದರು. ರೋಜಾ ತಾಯಿ ಮಾಳಮ್ಮನವರ ಜೊತೆ ಸೊರಬದಲ್ಲಿ ಬಾಡಿಗೆ ಮನೆ ಮಾಡಿದರು.

ಕಲಿಯಲು ಬಂದವರಲ್ಲಿ ಕುಪ್ಪಗಡ್ಡೆಯ ಮೇಘನಾ ಮೊದಲಿಗರು. ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬಂದವರು. ತಿಂಗಳುಗಟ್ಟಲೆ ಅಕ್ಷರ ತಿದ್ದಿಸಿ, ಹೆಸರು, ಜ್ವರ, ಊಟದ ಖಾನೆಗಳನ್ನು ಅವರಿಗೆ ವಹಿಸಿ, ನರ್ಸುಗಳ ಉದ್ದುದ್ದ ಟಿಪ್ಪಣಿಗಳನ್ನು ರೋಜಾ ತಾವು ಇಟ್ಟುಕೊಂಡರು. "ನಾವು ಕುರಿ ಎಣಸಲ್ಲ, ಮುಖ ನೋಡೇ ಯಾವ್ದು ಇಲ್ಲ ಅಂತ ಹೇಳ್ತೀವಿ," ಎನ್ನುತ್ತಾರೆ ಮಾಳಮ್ಮ. "ಇವ್ಳೂ ಹಂಗೇ, ಆ ಗೀಟುಗಳ ಮುಖ ನೋಡ್ತಾಳೆ." ಊರಲ್ಲಿ ಯಾರಾದರೂ ನಿನ್ನ ಮಗಳು ಜಪಾನಿನಲ್ಲಿದ್ದಾಳಂತೆ ಎಂದು ಕೇಳಿದರೆ ಮಾಳಮ್ಮನವರ ಉತ್ತರ ತಯಾರಿದೆ: "ಹೂಂ, ನಸುಕಿಗೆ ಹೋಗ್ತಾಳೆ, ಮಧ್ಯಾಹ್ನ ಉಣ್ಣಾಕೆ ಬರ್ತಾಳೆ."

ಮೊದಲ ತಿಂಗಳು ಪರೀಕ್ಷೆಯ ಅವಧಿ. ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲವಾದರೆ ಗುಪ್ತಪದ ರದ್ದು, ಕೋಣೆಗೆ ಬೀಗ. ಇಂಥ ತಿಂಗಳ ನಟ್ಟನಡುವೆಯೇ ಆ ಎಡವಟ್ಟು ಆಗಿದ್ದು. ನಮ್ಮ ಕಡೆಯವರೇ ಮಾಡಬಹುದಾದ ಎಡವಟ್ಟು.

ಹೆಸರಿನ ಖಾನೆ ತುಂಬುತ್ತಿದ್ದ ಮೇಘನಾ ಮೊದಲ ದಿನವೇ ಕೈ ನಿಲ್ಲಿಸಿ ಕೇಳಿದ್ದರು. "ಅಕ್ಕಾ, ಈ ಅಜ್ಜಿಗೆ ತೊಂಬತ್ತೊಂದು ವರ್ಷ. ಬರೀ ಹೆಸರು ಹಾಕೋದಾ?" ಜಪಾನಿನಲ್ಲಿ ಹೆಸರಿನ ಕೊನೆಗೆ 'ಸಾನ್' ಎಂದು ಸೇರಿಸುವುದು ಮರ್ಯಾದೆ, ನಮ್ಮ 'ಅವರು' ಇದ್ದ ಹಾಗೆ. ಕಾಗದದಲ್ಲಿ ಕೆಲವು ನರ್ಸುಗಳು ಸೇರಿಸಿದ್ದರು, ಕೆಲವರು ಇಲ್ಲ. ಅವಸರದಲ್ಲಿ ಬಿಟ್ಟಿರಬೇಕೆಂದು ರೋಜಾ ತಿಳಿದರು. ತಮ್ಮ ಅಜ್ಜಿಯ ಓರಗೆಯವರನ್ನು ಬೋಳು ಹೆಸರಿನಿಂದ ಕರೆದು ಗೊತ್ತಿಲ್ಲದ ಜೀವ ಅದು. "ಎಲ್ಲರಿಗೂ ಸಾನ್ ಹಾಕ್ರಿ," ಎಂದರು. ಐವರೂ ಭಯಭಕ್ತಿಯಿಂದ ಹಾಕಿದರು.

ಯಂತ್ರಕ್ಕೆ ಮರ್ಯಾದೆ ಎಲ್ಲಿ ತಿಳಿಯಬೇಕು? ಅಲ್ಲಿನ ಹಳೆಯ ಪಟ್ಟಿಯಲ್ಲಿ ಇದ್ದದ್ದು ಬರೀ ಹೆಸರು. 'ಸಾನ್' ಸೇರಿದ ಹೆಸರು ಬಂದಾಗಲೆಲ್ಲ ಅದು ಹೊಸ ರೋಗಿ ಬಂದರೆಂದು ಹೊಸ ಕಡತ ತೆರೆಯಿತು. ಅಜ್ಜಿಯರೆಲ್ಲ ಇಬ್ಬಿಬ್ಬರಾದರು. ಮೊದಲ ವಾರ ನರ್ಸುಗಳು ಔಷಧಿ ಬರೆದ ತಮ್ಮ ಹಳೆಯ ಕಾಗದವನ್ನೂ ಜೊತೆಗೆ ಒಯ್ಯುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಅದನ್ನು ಬಿಟ್ಟು ಹೊಸ ಕಡತದ ಅಚ್ಚುಪ್ರತಿ ಮಾತ್ರ ಒಯ್ದ ದಿನ ನೋಡಿದರೆ ಔಷಧಿಯ ಜಾಗ ಖಾಲಿ. ಒಂದೊಂದು ಮನೆಯಿಂದಲೂ ಕಚೇರಿಗೆ ಫೋನು ಮಾಡಿ ಕೇಳಿಯೇ ಮಾತ್ರೆ ಕೊಡಬೇಕಾಯಿತು. ಯಾರಿಗೂ ತೊಂದರೆಯಾಗಲಿಲ್ಲ, ಅದು ನರ್ಸುಗಳ ಪುಣ್ಯ.

ಶನಿವಾರ ಮಧ್ಯಾಹ್ನ ಅಲ್ಲಿನ ಮೇಲ್ವಿಚಾರಕಿಯ ಪತ್ರ ಬಂತು. ಶಿಕಾರಿಪುರದಿಂದ ಫೋನಿನಲ್ಲಿ ಕೇಳಿಸಿಕೊಂಡ ತೀರ್ಥೇಶರಿಗೆ ಏನೂ ಅನ್ನಿಸಲಿಲ್ಲ. "ಬೈದಿಲ್ಲಲ್ರೀ. ತೊಂದ್ರೆ ಕೊಡ್ತಿರೋದಕ್ಕೆ ಕ್ಷಮಿಸಿ ಅಂತ ಅವರೇ ಬರ್ದಾರೆ."

"ಅದೇ ಬೈಗುಳ ಸಾರ್," ಎಂದರು ರೋಜಾ. "ಅವರು ಸಿಟ್ಟಾದಷ್ಟೂ ಮೆತ್ತಗಾಗ್ತಾರೆ. ಇದು ಭಾಳ ಮೆತ್ತಗೈತೆ."

ಪತ್ರದ ಕೊನೆಯಲ್ಲಿ ಎರಡು ಸಾಲು. ಸೋಮವಾರ ಕಚೇರಿ ತೆರೆಯುವಷ್ಟರಲ್ಲಿ ಎಲ್ಲವೂ ಸರಿಯಾಗಿರಲಿ. ಹೀಗಾಗಲು ಕಾರಣವೇನೆಂದು ತಿಳಿಸಿ. ಅದನ್ನು ನೋಡಿ ಮುಂದಿನದು ಯೋಚಿಸುತ್ತೇವೆ.

ರೋಜಾ ಆ ರಾತ್ರಿ ಉಣ್ಣಲಿಲ್ಲ ಎಂದು ಮಾಳಮ್ಮ ಹೇಳುತ್ತಾರೆ. "ಒಂದ್ಸಲ ಜಪಾನು ಕೈ ತಪ್ಪಿತ್ತು. ಅದು ಜ್ವರದ ಪಾಲು," ಎನ್ನುತ್ತಾರೆ ರೋಜಾ. "ಇದು ಮಾತ್ರ ನನ್ನ ಕೈಯಾರೆ ಆಗಿದ್ದು. ನಂದೊಂದೇ ಆಗಿದ್ರೆ ನುಂಗ್ಕೊಂತಿದ್ದೆ. ಮೇಘನಾನ ಅಂಗಡಿ ಕೆಲಸ ಬಿಡಿಸಿ ತಂದೋಳು ನಾನು. ಆ ಹುಡುಗಿಗೆ ಏನ್ ಹೇಳ್ಲಿ?"

ಭಾನುವಾರ ನಸುಕಿಗೆ ಐವರೂ ಬಂದರೆ ಕೋಣೆಯಲ್ಲಿ ಲೈನೇ ಇಲ್ಲ. ಚರಂಡಿ ತೋಡಲು ಬಂದ ಜೆಸಿಬಿ ಹಿಂದಿನ ಸಂಜೆ ಕೇಬಲ್ಲನ್ನು ಕಿತ್ತುಹಾಕಿತ್ತು. ಜಪಾನಿನವರು ಒಪ್ಪಿದ್ದು ಆ ಐದು ಲ್ಯಾಪ್‌ಟಾಪುಗಳನ್ನು ಮಾತ್ರ. ಅವನ್ನೇ ಹಳೆ ಸೀರೆಯಲ್ಲಿ ಸುತ್ತಿ, ಸಂತೆಚೀಲಕ್ಕೆ ಹಾಕಿ, ಶಿಕಾರಿಪುರದ ಬಸ್ಸು ಹತ್ತಿದರು. ಕಂಡಕ್ಟರು ಚೀಲದಲ್ಲೇನೆಂದು ಕೇಳಿದ್ದಕ್ಕೆ ಮೇಘನಾ, "ಜಪಾನು," ಎಂದರಂತೆ. ಅವರು ನಗಲಿಲ್ಲ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು.

ತೀರ್ಥೇಶ್ ಸೆಂಟರಿನ ಷಟರನ್ನು ಅರ್ಧಕ್ಕೆ ಇಳಿಸಿ ಐದು ಕುರ್ಚಿ ಹಾಕಿಸಿದ್ದರು. ಭಾನುವಾರವಾದರೂ ಪಹಣಿಗೆ ಬಂದವರು ಬಗ್ಗಿ ನೋಡುವರು. ತೀರ್ಥೇಶ್ ಸರ್ವರ್ ಇಲ್ಲ ಎಂದು ರಾಗ ಎಳೆಯುವರು. ಒಳಗೆ ಒಂದೊಂದೇ ಕಡತ ತೆರೆದು, ಹೆಸರಿನ ಬೆನ್ನಿಗಿದ್ದ 'ಸಾನ್' ಅಳಿಸಿ, ಹಳೆಯ ಕಡತಕ್ಕೆ ಸೇರಿಸಿ, ಹೊಸದನ್ನು ಮುಚ್ಚುವ ಕೆಲಸ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಸೌಕರ್ಯ ಆ ಕಿಟಕಿಯಲ್ಲಿಲ್ಲ. ಅಳಿಸುವಾಗ ಮೇಘನಾಗೆ ಕಸಿವಿಸಿ. ಬಾಯಲ್ಲಾದರೂ ಇರಲಿ ಎಂದು ಪ್ರತಿ ಹೆಸರಿಗೂ ಸಾನ್ ಸೇರಿಸಿ ಮೆಲ್ಲಗೆ ಹೇಳುತ್ತ ಅಳಿಸತೊಡಗಿದರು. ಸ್ವಲ್ಪ ಹೊತ್ತಿಗೆ ಐವರೂ ಹಾಗೇ ಮಾಡುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಅಳಿಸುವುದು ಮುಗಿಯಿತು. ಇನ್ನು ಕಾರಣ ಬರೆಯಬೇಕು. ತೀರ್ಥೇಶ್ ಕುರ್ಚಿ ಹತ್ತಿರ ಎಳೆದುಕೊಂಡು ಉಪಾಯ ಹೇಳಿದರು. "ಲೈನ್ ಪ್ರಾಬ್ಲಮ್ಮು ಅಂತ ಹಾಕ್ರಿ. ಎಲ್ರೂ ಅದನ್ನೇ ಹಾಕೋದು. ಮರ್ಯಾದೆ ಕೊಟ್ವಿ ಅಂತ ಬರದ್ರೆ, ಇವರಿಗೆ ಕೆಲಸ ಗೊತ್ತಿಲ್ಲ ಅಂತಾರೆ. ಬಾಗಲು ಹಾಕ್ಕೊಂಡು ಮನಿಗೆ ಹೋಗೋದೇ ಆಮೇಲೆ."

ರೋಜಾ ತಲೆಯಾಡಿಸಿದರು. "ಕಾರಣ ಗೊತ್ತಾಗ್ದಿದ್ರೆ ಅವರು ನಮ್ಮ ಬೇರೆ ಅಕ್ಷರಾನೂ ನಂಬಂಗಿಲ್ಲ ಸಾರ್. ಅಲ್ಲಿ ಮಾತ್ರೆ ಕೊಡೋದು ನಾವು ಬರದಿದ್ದು ನೋಡಿ." ಹೀಗೆಂದು ಬೊಟ್ಟಿನ ಕೀಲಿಗಳನ್ನು ಒತ್ತಿ, ನಿಧಾನವಾಗಿ ಜಪಾನಿಯಲ್ಲೇ ಬರೆದರು. ತಪ್ಪು ನನ್ನದು, ಹುಡುಗಿಯರದ್ದಲ್ಲ. ನಮ್ಮ ಕಡೆ ಹಿರಿಯರ ಬರೀ ಹೆಸರು ಹಿಡಿಯುವುದಿಲ್ಲ. ಕೇಳದೆ ಸೇರಿಸಿದೆವು. ಇನ್ನು ಮೇಲೆ ಕಾಗದದಲ್ಲಿ ಎರಡು ಥರ ಇದ್ದರೆ ಮೊದಲು ಕೇಳುತ್ತೇವೆ. ಅಷ್ಟು ಬರೆದು ಕಳಿಸಿ, ಚೀಲ ಹೊತ್ತು ಕೊನೆಯ ಬಸ್ಸಿಗೆ ಓಡಿದರು.

ಸೋಮವಾರ ಬೆಳಿಗ್ಗೆ ಸೊರಬದ ಲೈನು ಬಂದಿತ್ತು. ಐದಕ್ಕೆ ರೋಜಾ ಗುಪ್ತಪದವನ್ನು ಒಂದೊಂದೇ ಅಕ್ಷರ ನೋಡಿ ಒತ್ತಿದರು. ಪರದೆ ಕಪ್ಪಾಯಿತು. ಆಮೇಲೆ ಜಪಾನು ಬಂತು. ಕೆಲಸದ ಹಾಳೆಗಳೂ ಎಂದಿನಂತೆ ಬಂದಿದ್ದವು, ಬೇರೆ ಒಂದು ಮಾತೂ ಇರಲಿಲ್ಲ. ಆ ಮೌನ ಪರೀಕ್ಷೆಯ ತಿಂಗಳು ಮುಗಿಯುವವರೆಗೂ ಹಾಗೇ ಇತ್ತು. ಐವರೂ ತಪ್ಪಿಲ್ಲದ ಹಾಗೆ ಟೈಪ್ ಮಾಡುತ್ತ, ಉಗುರು ಕಚ್ಚುತ್ತ ದಿನ ತಳ್ಳಿದರು.

ತಿಂಗಳ ಕೊನೆಗೆ ಬಂದ ಪತ್ರ ಮೊದಲಿನಷ್ಟು ಮೆತ್ತಗಿರಲಿಲ್ಲ. ಹಾಗಾಗಿ ಓದುವ ಮುಂಚೆಯೇ ರೋಜಾಗೆ ಜೀವ ಬಂತು. ಕೆಲಸ ಕಾಯಂ. ಅದರ ಜೊತೆಗೆ ಒಂದು ಕೇಳಿಕೆ. ನೀವು ಬರೆದ ಕಾರಣವನ್ನು ನರ್ಸುಗಳ ಸಭೆಯಲ್ಲಿ ಓದಿದೆವು. ನಮ್ಮ ಕಡತದಲ್ಲಿ ರೋಗಿಯ ಹೆಸರಿದೆ, ಆದರೆ ಅವರನ್ನು ಜನ ಏನೆಂದು ಕರೆಯುತ್ತಾರೆ ಎಂಬುದು ಇಲ್ಲ. ಹಳೆಯ ನರ್ಸುಗಳಿಗೆ ಬಾಯಲ್ಲಿ ಗೊತ್ತು, ಹೊಸಬರಿಗೆ ತಿಳಿಯದು. ಅದಕ್ಕೊಂದು ಹೊಸ ಖಾನೆ ಮಾಡುತ್ತಿದ್ದೇವೆ. ಹಳೆಯ ಟಿಪ್ಪಣಿಗಳನ್ನೆಲ್ಲ ಓದಿ ಅದನ್ನು ತುಂಬಿಕೊಡುವಿರಾ?

ಆ ಖಾನೆ ತುಂಬುವ ಕೆಲಸ ಈಗಲೂ ನಡೆದಿದೆ. ಆರೂವರೆಗೆ ದಿನದ ಹಾಳೆಗಳು ಮುಗಿದ ಮೇಲೆ, ವರ್ಷಗಳ ಹಿಂದಿನ ಕೈಬರಹ ತೆರೆದು ರೋಜಾ ಹುಡುಕುತ್ತಾರೆ. ಮುಂದಿನ ಆಸೆ ಏನೆಂದರೆ, ಶಿಕಾರಿಪುರದಲ್ಲೂ ಇಂಥದೊಂದು ಕೋಣೆ ಆಗಲಿ, ತೊಗರ್ಸಿ ಕಡೆಯ ಹುಡುಗಿಯರಿಗೆ ಹತ್ತಿರವಾಗುತ್ತದೆ ಎನ್ನುತ್ತಾರೆ. ಜಪಾನಿಗೆ ಹೋಗುವ ಆಸೆ ಇನ್ನೂ ಇದೆಯೇ ಎಂದರೆ, ಒಬ್ಬ ಅಜ್ಜನ ವಿಷಯ ಹೇಳುತ್ತಾರೆ. ಹೆಸರಿಲ್ಲ, ಊರಿಲ್ಲ, ಇಷ್ಟು ಹೇಳುವುದಕ್ಕೂ ಮೇಲ್ವಿಚಾರಕಿಯ ಒಪ್ಪಿಗೆ ಕೇಳಿದ್ದಾರೆ.

ಆ ಅಜ್ಜ ಮಾತು ಬಿಟ್ಟು ಬಹಳ ಕಾಲವಾಗಿತ್ತು. ನರ್ಸು ಬಂದು ಹೆಸರು ಕರೆದರೆ ಗೋಡೆ ಕಡೆ ತಿರುಗಿ ಮಲಗುವರು. ನಿವೃತ್ತರಾದ ಒಬ್ಬ ನರ್ಸಿನ ಹಳೆಯ ಹಾಳೆಯೊಂದರ ಅಂಚಿನಲ್ಲಿ ರೋಜಾಗೆ ಒಂದು ಸಾಲು ಸಿಕ್ಕಿತು. ಅಜ್ಜ ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದರು, ಊರಿನ ಮಕ್ಕಳೆಲ್ಲ ಅವರನ್ನು ಬಸ್ಸಿನ ಮಾವ ಎನ್ನುತ್ತಿದ್ದರು. ಹೊಸ ಖಾನೆಯಲ್ಲಿ ರೋಜಾ ಅದನ್ನೇ ಹಾಕಿದರು.

ಮರುದಿನ ಹೋದ ಎಳೆಯ ನರ್ಸು ಖಾನೆ ನೋಡಿ, ಬಾಗಿಲಲ್ಲಿ ನಿಂತು ಹಾಗೆಂದೇ ಕರೆದಳು. ಅದರ ಮಾರನೆಯ ಬೆಳಿಗ್ಗೆ ಅವಳ ಕೈಬರಹದ ಹಾಳೆ ಸೊರಬದ ಕಿಟಕಿಗೆ ಬಂತು: ಕರೆದ ಕೂಡಲೇ ಈ ಕಡೆ ತಿರುಗಿದರು. ಎಲ್ಲರೂ ಹತ್ತಿದಿರಾ ಎಂದು ಕೇಳಿದರು. ಹತ್ತಿದೆವು ಎಂದೆ. ಗಂಜಿ ಪೂರ್ತಿ ಉಂಡರು.

"ಅದನ್ನ ಟೈಪ್ ಮಾಡಿದ್ದೂ ನಾನೇ ರೀ," ಎನ್ನುತ್ತಾರೆ ರೋಜಾ, ಪರದೆ ಮುಚ್ಚುತ್ತ. "ಕಣ್ಣು ಮಂಜಾಗಿತ್ತು. ಆದ್ರೂ ಒಂದಕ್ಷರ ತಪ್ಪಿಲ್ಲ."